ಬೇಸಿಗೆಯಲ್ಲಿ ಚಿಪ್ಪು ಅಣಬೆ ಕಿಟ್ ಇಲ್ಲ, ಹಾಲು ಅಣಬೆ ಕಿಟ್ ಇದೆ

ಮಾನ್ಯ ಗ್ರಾಹಕರೇ,

ಮಾರ್ಚ್ 1ರಿಂದ ನಮ್ಮ ಘಟಕದಲ್ಲಿ ಮನೆಯಲ್ಲೇ ಬೆಳೆದುಕೊಳ್ಳುವ ಚಿಪ್ಪು ಅಣಬೆಯ ಕಿಟ್ ಸಿಗುವುದಿಲ್ಲ. ಅದರ ಬದಲು ಮೇ 15ರವರೆಗೆ ಹಾಲು ಅಣಬೆಯ ಕಿಟ್ ಕೊಡುತ್ತೇವೆ. ಆಮೇಲೆ ಜೂನ್ 15ರವರೆಗೆ ಯಾವ ಕಿಟ್ಟೂ ಇಲ್ಲ. ಮಳೆ ಹಿಡಿದು ಮನೆಯೊಳಗೆ ತಂಪಾದ ಮೇಲೆ ಚಿಪ್ಪು ಅಣಬೆ ಮತ್ತೆ ಶುರುವಾಗುತ್ತದೆ. ಇನ್ನು ಮುಂದೆ ಪ್ರತಿ ವರ್ಷವೂ ಇದೇ ಕ್ರಮ. ಬೆಲೆ ಮೊದಲಿನಷ್ಟೇ. ಆದರೆ ಹಾಲು ಅಣಬೆಗೆ ನಿಮ್ಮ ಕಡೆಯಿಂದ ಒಂದು ಕೆಲಸ ಜಾಸ್ತಿ: ಕಿಟ್ಟಿನ ಹುಲ್ಲಿನ ಚೀಲದ ಬಾಯಿ ಬಿಚ್ಚಿ ಮೇಲೆ ಮಣ್ಣು ಹಾಸಬೇಕು. ಚಿಪ್ಪು ಅಣಬೆ ಬೆಳೆದು ಅಭ್ಯಾಸವಾದವರಿಗೆ ಇದು ಹೊಸದು. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಬದಲಾವಣೆಗೆ ಕಾರಣ ಶಾಖ. ನಾವು ಕೊಡುತ್ತಿರುವ ಬಿಳಿ ಚಿಪ್ಪು ಅಣಬೆ ಫ್ಲೋರಿಡಾ ಜಾತಿಯದು. ಅದು ಸರಿಯಾಗಿ ಬರುವುದು 20ರಿಂದ 28 ಡಿಗ್ರಿಯೊಳಗೆ, ಗಾಳಿಯಲ್ಲಿ ಶೇ 80–90ರಷ್ಟು ತೇವ ಇದ್ದಾಗ. ಏಪ್ರಿಲ್ ಮಧ್ಯಾಹ್ನ ಮೈಸೂರಲ್ಲಿ 34–35 ಡಿಗ್ರಿ ಸಾಮಾನ್ಯ, ಮಂಡ್ಯದ ಕಡೆ ಇನ್ನೂ ತುಸು ಹೆಚ್ಚೇ. ತಾರಸಿಯ ಕೆಳಗಿನ ಕೋಣೆಯಂತೂ ರಾತ್ರಿ ಊಟದ ಹೊತ್ತಿಗೂ ಆರಿರುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಚೀಲದ ಒಳಗಿನ ಶಾಖ. ಅಣಬೆಯ ಬಿಳಿ ಎಳೆ ಹುಲ್ಲನ್ನು ಅರಗಿಸಿಕೊಳ್ಳುವಾಗ ತಾನೂ ಶಾಖ ಬಿಡುತ್ತದೆ, ಹಾಗಾಗಿ ಚೀಲದ ನಡುಭಾಗ ಕೋಣೆಗಿಂತ ಮೂರ್ನಾಲ್ಕು ಡಿಗ್ರಿ ಹೆಚ್ಚು ಬೆಚ್ಚಗಿರುತ್ತದೆ. ಕೋಣೆ 34 ಇದ್ದರೆ ಒಳಗೆ 38. ಅಲ್ಲಿ ಎಳೆ ಸೊರಗುತ್ತದೆ, ಸೊರಗಿದ ಜಾಗಕ್ಕೆ ಹಸಿರು ಬೂಷ್ಟು ನುಗ್ಗುತ್ತದೆ. ಮೊಗ್ಗು ಬಂದರೂ ಒಣಗಾಳಿಗೆ ಅಂಚು ಸುಟ್ಟು, ಹಳದಿಯಾಗಿ, ಅಲ್ಲೇ ನಿಂತುಬಿಡುತ್ತದೆ. ಒದ್ದೆ ಗೋಣಿ ಕಟ್ಟಿ ದಿನಕ್ಕೆ ಐದಾರು ಸಲ ನೀರು ಚಿಮುಕಿಸಿ ಬೆಳೆಯುವವರು ಇದ್ದಾರೆ. ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವವರಿಗೆ ಆ ಚಾಕರಿ ಹೇಳಿ ಕಿಟ್ ಮಾರುವುದು ನಮಗೆ ಸರಿ ಕಾಣುವುದಿಲ್ಲ.

ಗುಲಾಬಿ ಬಣ್ಣದ ಚಿಪ್ಪು ಅಣಬೆ ಶಾಖ ತಡೆಯುತ್ತದಲ್ಲ, ಅದನ್ನೇ ಕೊಡಬಹುದಲ್ಲ ಎಂದು ಕೆಲವರು ಕೇಳಿದ್ದಾರೆ. ತಡೆಯುವುದು ನಿಜ, ನೋಡಲೂ ಚೆಂದ. ಆದರೆ ಕೊಯ್ದ ಮರುದಿನಕ್ಕೆ ಬಾಡಿ ವಾಸನೆ ಬರುತ್ತದೆ, ಬೇಯಿಸಿದರೆ ಬಣ್ಣವೂ ಉಳಿಯುವುದಿಲ್ಲ. ಒಂದೇ ದಿನ ಇಡೀ ಗೊಂಚಲು ಖರ್ಚಾಗುವ ದೊಡ್ಡ ಮನೆಗಾದರೆ ಸರಿ. ಇನ್ನು ಬಟನ್ ಅಣಬೆ. ಅದಕ್ಕೆ ಕೊಯ್ಲಿನ ಹಂತದಲ್ಲಿ 14–18 ಡಿಗ್ರಿ ಬೇಕು. ನಮ್ಮೂರಲ್ಲಿ ಹಗಲೂ ರಾತ್ರಿ ಏಸಿ ಓಡಿಸದೆ ಆ ಚಳಿ ಸಿಗುವುದಿಲ್ಲ. ಅದರ ಕಿಟ್ಟನ್ನು ನಾವು ಯಾವ ಕಾಲದಲ್ಲೂ ಕೊಡುವುದಿಲ್ಲ.

ಹುಲ್ಲು ಮಾತ್ರ ಬದಲಾಗುವುದಿಲ್ಲ. ಭತ್ತದ ಹುಲ್ಲಿನ ಮೇಲೆ ಚಿಪ್ಪು ಅಣಬೆ ಬೆಳೆಯುವ ಬಗ್ಗೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ಜಕಿಯಾ ಬಾನೊ ಮತ್ತು ಶ್ರೀವಾಸ್ತವ ಅವರು 1962ರಲ್ಲೇ ಸಂಶೋಧನಾ ಲೇಖನ ಪ್ರಕಟಿಸಿದ್ದರು. ಹಾಲು ಅಣಬೆಗೂ ಅದೇ ಹುಲ್ಲು ಒಗ್ಗುತ್ತದೆ. ಈ ಅಣಬೆ ನಮ್ಮ ದೇಶದ್ದೇ. ಪಶ್ಚಿಮ ಬಂಗಾಳದಲ್ಲಿ ಸಿಕ್ಕ ಇದನ್ನು 1974ರಲ್ಲಿ ಹೊಸ ಜಾತಿ ಎಂದು ಗುರುತಿಸಿದರು. 1998ರಲ್ಲಿ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಎಪಿಕೆ 2 ಎಂಬ ತಳಿ ಬಿಡುಗಡೆ ಮಾಡಿದ ಮೇಲೆ ದಕ್ಷಿಣದಲ್ಲಿ ಹಬ್ಬಿತು. 28ರಿಂದ 35 ಡಿಗ್ರಿ ಇದಕ್ಕೆ ಹಿತ. 25ಕ್ಕಿಂತ ಕೆಳಗಿಳಿದರೆ ಮೊಗ್ಗು ಮುಂದುವರಿಯುವುದಿಲ್ಲ. ಮೇ 15ಕ್ಕೇ ಕಿಟ್ ನಿಲ್ಲಿಸುವುದು ಇದಕ್ಕಾಗಿಯೇ: ಆಮೇಲೆ ಕೊಟ್ಟರೆ ಎರಡನೆಯ ಕೊಯ್ಲಿನ ಹೊತ್ತಿಗೆ ಮಳೆಯ ಥಂಡಿ ಬಂದಿರುತ್ತದೆ.

ಮಂಡ್ಯದಲ್ಲಿ ಕಬ್ಬಿಗೇನು ಬರ, ಕಬ್ಬಿನ ಸಿಪ್ಪೆಯಲ್ಲಿ ಬೆಳೆಯಬಾರದೇ ಎಂಬ ಪ್ರಶ್ನೆಯೂ ಬರುತ್ತಿರುತ್ತದೆ. ಆಲೆಮನೆಯ ಹಸಿ ಸಿಪ್ಪೆಯಲ್ಲಿ ಸಕ್ಕರೆ ಉಳಿದಿರುತ್ತದೆ, ಅಣಬೆಗಿಂತ ಮೊದಲು ಬೂಷ್ಟು ಅದನ್ನು ಹಿಡಿಯುತ್ತದೆ. ಚೆನ್ನಾಗಿ ತೊಳೆದು, ಒಣಗಿಸಿ, ಹಬೆಯಲ್ಲಿ ಬೇಯಿಸಿದರೆ ಆಗುತ್ತದೆ. ಅಷ್ಟು ಶ್ರಮಪಡುವುದಾದರೆ ಹುಲ್ಲೇ ವಾಸಿ.

ಹೊಸ ಕಿಟ್ಟಿನಲ್ಲಿ ಎರಡೇ ವಸ್ತು: 2 ಕಿಲೋ ತೂಕದ ಹುಲ್ಲಿನ ಚೀಲ, 1 ಕಿಲೋ ಮಣ್ಣಿನ ಪೊಟ್ಟಣ. ನೀರು ಚಿಮುಕಿಸುವ ಬಾಟಲಿ ಹಳಬರ ಬಳಿ ಇದ್ದೇ ಇದೆ. ಹೊಸಬರು ಕೇಳಿ ಪಡೆಯಿರಿ. ಚೀಲ ನಿಮ್ಮ ಕೈ ಸೇರುವ ಹೊತ್ತಿಗೆ ಅದರೊಳಗಿನ ಕೆಲಸ ಮುಗಿದಿರುತ್ತದೆ. ಹುಲ್ಲನ್ನು ಎರಡು ಮೂರು ಸೆಂಟಿಮೀಟರ್ ತುಂಡು ಮಾಡಿ, ನೆನೆಸಿ, 80–85 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ಇಟ್ಟು, ಹಿಂಡಿದರೆ ನೀರು ತೊಟ್ಟಿಕ್ಕದ ಹದಕ್ಕೆ ಆರಿಸಿ, ಜೋಳದ ಕಾಳಿನ ಮೇಲೆ ಬೆಳೆಸಿದ ಅಣಬೆ ಬೀಜವನ್ನು ಪದರ ಪದರವಾಗಿ ಹಾಕಿ, ಇಪ್ಪತ್ತು ದಿನ ಕತ್ತಲೆಯಲ್ಲಿ ಇಟ್ಟಿರುತ್ತೇವೆ. ಚೀಲ ಪೂರ್ತಿ ಬೆಳ್ಳಗಾಗಿರಬೇಕು. ಅಂಗೈ ಅಗಲಕ್ಕಿಂತ ದೊಡ್ಡ ಕಂದು ಭಾಗ ಕಂಡರೆ, ಅಥವಾ ಎಲ್ಲಾದರೂ ಹಸಿರು ಕಂಡರೆ, ಬಿಚ್ಚದೆ ವಾಪಸ್ ತನ್ನಿ, ಬೇರೆ ಕೊಡುತ್ತೇವೆ. ಒಯ್ಯುವಾಗ ಸ್ಕೂಟರ್ ಡಿಕ್ಕಿಯಲ್ಲಾಗಲಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಾಗಲಿ ಇಡಬೇಡಿ. ಒಳಗಿರುವುದು ಜೀವ. ಮುಚ್ಚಿದ ಕಾರಿನ ಶಾಖಕ್ಕೆ ಅರ್ಧ ಗಂಟೆಯಲ್ಲಿ ಬೆಂದುಹೋಗುತ್ತದೆ, ಹೊರಗಿನಿಂದ ಗೊತ್ತೂ ಆಗುವುದಿಲ್ಲ.

ಚಿಪ್ಪು ಅಣಬೆ ಬರಿಯ ಹುಲ್ಲಿನಿಂದಲೇ ಮೊಗ್ಗೊಡೆಯುತ್ತದೆ. ಹಾಲು ಅಣಬೆ ಹಾಗಲ್ಲ. ಅದರ ಎಳೆ ಆಹಾರ ತುಂಬಿದ ಹುಲ್ಲಿನಿಂದ ಮೇಲೆದ್ದು, ತೇವ ಇರುವ ಆದರೆ ಸಾರ ಇಲ್ಲದ ಒಂದು ಪದರಕ್ಕೆ ಬಂದಾಗ ಮಾತ್ರ ಮೊಗ್ಗು ಕಟ್ಟುತ್ತದೆ. ಆ ಪದರವೇ ಪೊಟ್ಟಣದಲ್ಲಿರುವ ಮಣ್ಣು. ಬೆಳೆಗಾರರು ಇದನ್ನು ಕೇಸಿಂಗ್ ಮಣ್ಣು ಎನ್ನುತ್ತಾರೆ. ತೋಟದ ಮಣ್ಣು, ಮರಳು, ತೆಂಗಿನ ನಾರಿನ ಪುಡಿ ಸೇರಿಸಿ, ಪಿಎಚ್ (ಹುಳಿ–ಕ್ಷಾರದ ಅಳತೆ) 8ರ ಆಸುಪಾಸಿಗೆ ಬರುವಷ್ಟು ಚಾಕ್ ಪುಡಿ ಬೆರೆಸಿ, ಒಂದು ಗಂಟೆ ಹಬೆಯಲ್ಲಿ ಬೇಯಿಸಿದ್ದು. ದಯವಿಟ್ಟು ಇದಕ್ಕೆ ಕುಂಡದ ಮಣ್ಣನ್ನೋ ಸಗಣಿ ಗೊಬ್ಬರವನ್ನೋ ಸೇರಿಸಬೇಡಿ. ಗೊಬ್ಬರ ಹಾಕಿದರೆ ಹೆಚ್ಚು ಬೆಳೆ ಎಂಬ ಹೊಲದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಾರ ಹೆಚ್ಚಿದಷ್ಟೂ ಕಳೆ ಅಣಬೆ, ಹುಳ, ಬೂಷ್ಟು ಹೆಚ್ಚು.

ಮಣ್ಣು ಹಾಸುವ ದಿನ ಕೈಯನ್ನು ಸೋಪಿನಿಂದ ಮೊಳಕೈವರೆಗೆ ತೊಳೆದು ಒರೆಸಿಕೊಳ್ಳಿ. ಫ್ಯಾನ್ ಆರಿಸಿ. ಚೀಲದ ಬಾಯಿ ಬಿಚ್ಚಿ, ಪ್ಲಾಸ್ಟಿಕ್ಕನ್ನು ಹುಲ್ಲಿನ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲೆ ಉಳಿಯುವಂತೆ ಹೊರಕ್ಕೆ ಮಡಚಿ. ಹುಲ್ಲಿನ ಮೇಲ್ಭಾಗವನ್ನು ಅಂಗೈಯಿಂದ ಒತ್ತಿ ಸಮ ಮಾಡಿ. ಗುಂಡಿ ಉಳಿದರೆ ಅಲ್ಲಿ ನೀರು ನಿಲ್ಲುತ್ತದೆ. ಪೊಟ್ಟಣದ ಮಣ್ಣನ್ನು ಉದುರಿಸಿ 2ರಿಂದ 2.5 ಸೆಂಟಿಮೀಟರ್ ದಪ್ಪಕ್ಕೆ ಹರಡಿ. ಒತ್ತಬೇಡಿ. ಬೆಂಕಿಕಡ್ಡಿಯನ್ನು ಮೂರ್ನಾಲ್ಕು ಕಡೆ ಚುಚ್ಚಿ ನೋಡಿದರೆ ದಪ್ಪ ಸಮ ಇದೆಯೇ ಎಂದು ತಿಳಿಯುತ್ತದೆ. ಒಂದು ಕಡೆ ತೆಳು, ಒಂದು ಕಡೆ ದಪ್ಪ ಆದರೆ ತೆಳುವಿರುವ ಕಡೆ ಮೊದಲೇ ಮೊಗ್ಗು ಬಂದು ಚೀಲದ ಶಕ್ತಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಒಂದಿಷ್ಟು ಮಣ್ಣು ಮಿಗುತ್ತದೆ. ಪೊಟ್ಟಣ ಕಟ್ಟಿ ಇಟ್ಟುಕೊಳ್ಳಿ, ಮುಂದೆ ಬೇಕು.

ಜಾಗದ ವಿಷಯದಲ್ಲಿ ಹಳೆಯ ಸೂಚನೆಯನ್ನು ತಿರುಗಾಮುರುಗಾ ಮಾಡಿಕೊಳ್ಳಿ. ಚಿಪ್ಪು ಅಣಬೆಗೆ ಮೆಟ್ಟಿಲ ಕೆಳಗಿನ ತಂಪು ಮೂಲೆ ಹೇಳಿದ್ದೆವು. ಹಾಲು ಅಣಬೆಗೆ ಮಹಡಿಯ ಬೆಚ್ಚಗಿನ ಕೋಣೆಯೇ ಒಳ್ಳೆಯದು. ನೇರ ಬಿಸಿಲು ಬೀಳಬಾರದು, ಹಗಲಲ್ಲಿ ದೀಪ ಹಾಕದೆ ಪೇಪರ್ ಓದುವಷ್ಟು ಬೆಳಕಿರಬೇಕು. ಫ್ಯಾನಿನ ನೇರ ಗಾಳಿ ಬೇಡ. ಬಚ್ಚಲುಮನೆ ಬೇಡ, ಅಲ್ಲಿ ಫಿನಾಯಿಲ್ ಇರುತ್ತದೆ. ಸೊಳ್ಳೆ ಸ್ಪ್ರೇ ಹೊಡೆಯುವ ಕೋಣೆಯೂ ಬೇಡ. ಅಣಬೆ ತಿನ್ನುವ ಪದಾರ್ಥ.

ಇನ್ನು ನೀರು. ಕೈ ಕೊಡುವುದು ಹೆಚ್ಚಾಗಿ ಇಲ್ಲೇ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ತೀರ ಒಣ ಹವೆ ಇದ್ದರೆ ಮಧ್ಯಾಹ್ನವೂ ಒಮ್ಮೆ, ಮಂಜಿನಂತೆ ಚಿಮುಕಿಸಿ. ಎಣಿಕೆಗಿಂತ ಮಣ್ಣಿನ ಹದ ನೋಡುವುದು ಮೇಲು. ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ಒತ್ತಿದರೆ ಉಂಡೆಯಾಗಬೇಕು. ಪುಡಿಯಾದರೆ ನೀರು ಸಾಲದು, ಬೆರಳಿಗೆ ಕೆಸರು ಮೆತ್ತಿದರೆ ಹೆಚ್ಚಾಯಿತು. ಮಣ್ಣು ಕುಡಿಯುವಷ್ಟು ಮಾತ್ರ ನೀರು ಬೇಕು, ಹುಲ್ಲಿಗೆ ಒಂದು ಹನಿಯೂ ಇಳಿಯಬಾರದು. ಇಳಿದರೆ ಮೇಲಿನ ಹುಲ್ಲು ಕೊಳೆತು, ಹುಳಿ ವಾಸನೆ ಬಂದು, ಮೊಗ್ಗು ಲೋಳೆ ಲೋಳೆಯಾಗುತ್ತದೆ. ಹಾಗಾದ ಚೀಲವನ್ನು ಉಳಿಸುವ ದಾರಿ ನಮಗೆ ಗೊತ್ತಿಲ್ಲ. ಕಡಿಮೆ ನೀರು ಅಷ್ಟು ಅಪಾಯವಲ್ಲ. ಮಣ್ಣು ಹೆಪ್ಪುಗಟ್ಟಿದ್ದರೆ ಫೋರ್ಕಿನಿಂದ ಮೆಲ್ಲಗೆ ಕೆದಕಿ ಎರಡು ದಿನದಲ್ಲಿ ಹದಕ್ಕೆ ತಂದರೆ ಸುಧಾರಿಸಿಕೊಳ್ಳುತ್ತದೆ. ನಲ್ಲಿಯ ಕಾವೇರಿ ನೀರೇ ಸಾಕು. ಅದರಲ್ಲಿರುವ ಕ್ಲೋರಿನ್‌ನಿಂದ ಅಣಬೆಗೆ ತೊಂದರೆಯಿಲ್ಲ.

ಎಂಟು ಹತ್ತು ದಿನಕ್ಕೆ ಮಣ್ಣಿನ ಸಂದಿಯಲ್ಲಿ ಬಿಳಿ ಎಳೆ ಕಾಣುತ್ತದೆ, ಬೆನ್ನಿಗೇ ಸೂಜಿತಲೆಯಂಥ ಮೊಗ್ಗು. ಅಲ್ಲಿಂದ ಕೊಯ್ಲಿಗೆ ಇನ್ನೊಂದು ವಾರ. ಮಣ್ಣು ಹಾಸಿದ ದಿನದಿಂದ ಹದಿನೆಂಟು ಇಪ್ಪತ್ತು ದಿನ ಎಂದಿಟ್ಟುಕೊಳ್ಳಿ. ಚಿಪ್ಪು ಅಣಬೆಯ ವೇಗ ಇದಕ್ಕಿಲ್ಲ, ಹತ್ತನೇ ದಿನಕ್ಕೆ ಗಾಬರಿಯಾಗಬೇಡಿ. ಮೊಗ್ಗು ಬಂದ ಮೇಲೆ ನೀರು ನೇರವಾಗಿ ಅದರ ತಲೆಯ ಮೇಲೆ ನಿಲ್ಲದಂತೆ, ಸುತ್ತಲಿನ ಮಣ್ಣಿಗೂ ಗಾಳಿಗೂ ಚಿಮುಕಿಸಿ. ಎಲ್ಲ ಮೊಗ್ಗೂ ಅಣಬೆಯಾಗುವುದಿಲ್ಲ. ಹತ್ತರಲ್ಲಿ ಮೂರು ನಾಲ್ಕು ಉಳಿದು ಬೆಳೆದರೂ ಬೆಳೆ ಸರಿಯಾಗಿದೆ ಎಂದೇ ತಿಳಿಯಿರಿ.

ಕೆಲವು ಚೀಲಗಳಲ್ಲಿ ಮೊಗ್ಗೇ ಕಟ್ಟದೆ ಮಣ್ಣಿನ ಮೇಲೆಲ್ಲ ಬಿಳಿ ಹೊದಿಕೆ ಬೆಳೆದುಬಿಡುತ್ತದೆ. ಗಾಳಿ ಸಾಲದಿದ್ದಾಗ ಹೀಗಾಗುತ್ತದೆ. ಚೀಲದ ಬಾಯಿಗೆ ಪ್ಲಾಸ್ಟಿಕ್ ಹೊದಿಸಿಟ್ಟವರ ಮನೆಯಲ್ಲಿ ಇದು ಜಾಸ್ತಿ. ಹೊದಿಕೆಯನ್ನು ಫೋರ್ಕಿನಿಂದ ಕೆದಕಿ, ಮಿಕ್ಕಿದ್ದ ಮಣ್ಣನ್ನು ತೆಳ್ಳಗೆ ಉದುರಿಸಿ, ಒಂದು ದಿನ ನೀರು ನಿಲ್ಲಿಸಿ, ಕಿಟಕಿ ತೆರೆದಿಡಿ. ಹಸಿರು ಬೂಷ್ಟು ನಾಣ್ಯದಷ್ಟು ಕಂಡರೆ ಅದರ ಮೇಲೆ ನೀರು ಚಿಮುಕಿಸಬೇಡಿ, ಬೀಜಕಣ ಹಾರಿ ಎಲ್ಲ ಕಡೆ ಹರಡುತ್ತದೆ. ಒದ್ದೆ ಬಟ್ಟೆ ಮುಚ್ಚಿ, ಸುತ್ತ ಎರಡು ಬೆರಳು ಬಿಟ್ಟು ಚಮಚದಿಂದ ಬುಡಸಮೇತ ತೆಗೆದು, ಆ ಗುಂಡಿಗೆ ಚಾಕ್ ಪುಡಿ ತುಂಬಿ. ಕಾಲು ಭಾಗಕ್ಕಿಂತ ಹೆಚ್ಚು ಹಬ್ಬಿದ್ದರೆ ಚೀಲ ಮನೆಯಿಂದ ಹೊರಗೆ ಹೋಗಬೇಕು. ತೆಳುವಾದ ಬೂದು ಕೊಡೆ ಎದ್ದು ಒಂದೇ ದಿನದಲ್ಲಿ ಕರಗಿ ಕಪ್ಪು ಮಸಿಯಾದರೆ ಅದು ಕಳೆ ಅಣಬೆ, ಕರಗುವ ಮೊದಲೇ ಕಿತ್ತೆಸೆಯಿರಿ. ಚೀಲದಲ್ಲಿ ಹುಟ್ಟಿದ್ದೆಲ್ಲ ತಿನ್ನುವ ಅಣಬೆಯಲ್ಲ. ಬೆಳ್ಳಗೆ, ದಪ್ಪ ಕಾಂಡದ, ಗಟ್ಟಿ ಅಣಬೆ ಬಿಟ್ಟು ಬೇರೆ ಏನೇ ಬಂದರೂ ಬಾಣಲೆಗೆ ಹಾಕಬೇಡಿ. ಅನುಮಾನವಿದ್ದರೆ ಫೋಟೊ ಕಳಿಸಿ.

ಕೊಡೆ ಏಳೆಂಟು ಸೆಂಟಿಮೀಟರ್ ಅಗಲವಾದಾಗ, ಅಂಚು ಇನ್ನೂ ಕೆಳಕ್ಕೆ ಬಾಗಿರುವಾಗಲೇ ಬುಡ ಹಿಡಿದು ತಿರುಚಿ ಕೀಳಿ. ಚಾಕುವಿನಿಂದ ಕೊಯ್ದು ಮೋಟು ಬಿಟ್ಟರೆ ಅದು ಕೊಳೆತು ನೊಣ ಕರೆಯುತ್ತದೆ. ಕಿತ್ತ ಗುಂಡಿಗೆ ಉಳಿಸಿಟ್ಟ ಮಣ್ಣು ತುಂಬಿ, ಮೊದಲಿನಂತೆ ನೀರು ಕೊಡಿ. ಎಂಟು ಹತ್ತು ದಿನದ ಅಂತರದಲ್ಲಿ ಎರಡನೆಯದು, ಒಮ್ಮೊಮ್ಮೆ ಮೂರನೆಯ ಕೊಯ್ಲು. ಚೀಲದಲ್ಲಿ ಒಣ ಹುಲ್ಲಿನ ಲೆಕ್ಕ 700 ಗ್ರಾಂ ಆಸುಪಾಸು. ಎಲ್ಲ ಕೊಯ್ಲು ಸೇರಿ 400–500 ಗ್ರಾಂ ಅಣಬೆ ನಿರೀಕ್ಷಿಸಬಹುದು. ಕಿಲೋಗಟ್ಟಲೆ ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟರೆ ಐದಾರು ದಿನ ಬೆಳ್ಳಗೇ ಇರುತ್ತದೆ, ಚಿಪ್ಪು ಅಣಬೆಗೆ ಆ ತಾಳಿಕೆ ಇಲ್ಲ. ಕಾಂಡ ನಾರು ನಾರು, ಕೊಡೆಗಿಂತ ಹೆಚ್ಚು ಹೊತ್ತು ಬೇಯಬೇಕು. ತೆಳ್ಳಗೆ ಹೆಚ್ಚಿ ಮೊದಲು ಕಾಂಡ ಹಾಕಿ, ಆಮೇಲೆ ಕೊಡೆ. ಹಸಿಯಾಗಿ ತಿನ್ನಬೇಡಿ. ಮುದ್ದೆಗೆ ಸಾರು ಮಾಡುವವರಿಗೆ ಇದು ಚಿಪ್ಪು ಅಣಬೆಗಿಂತ ಮೇಲು, ಕುದಿಸಿದರೂ ಕರಗುವುದಿಲ್ಲ.

ಬೆಳೆ ಮುಗಿದ ಚೀಲದ ಹುಲ್ಲು ಮಣ್ಣನ್ನು ಮಲ್ಲಿಗೆ, ಕರಿಬೇವಿನ ಬುಡಕ್ಕೆ ಹಾಕುವ ಮೊದಲು ಒಂದೆರಡು ತಿಂಗಳು ಹೊರಗೆ ಕೊಳೆಯಲು ಬಿಡಿ. ಪ್ಲಾಸ್ಟಿಕ್ ಚೀಲ ತೊಳೆದು ವಾಪಸ್ ಕೊಟ್ಟರೆ ತೆಗೆದುಕೊಳ್ಳುತ್ತೇವೆ.

ತಿಂಗಳ ಕಿಟ್ಟಿಗೆ ಮುಂಗಡ ಕೊಟ್ಟವರು ಫೆಬ್ರವರಿ 25ರೊಳಗೆ ಮೂರರಲ್ಲಿ ಒಂದನ್ನು ತಿಳಿಸಿ: ಹಾಲು ಅಣಬೆ ಕಿಟ್ ಬೇಕು, ಜೂನ್‌ವರೆಗೆ ಕಾಯುತ್ತೇವೆ, ಅಥವಾ ಹಣ ವಾಪಸ್. ಏನೂ ತಿಳಿಸದಿದ್ದರೆ ಕಿಟ್ ಕಳಿಸುವುದಿಲ್ಲ, ನಿಮ್ಮ ಹಣ ಜೂನ್ ಲೆಕ್ಕಕ್ಕೆ ಹೋಗುತ್ತದೆ. ಹಾಲು ಅಣಬೆಯ ಬೆಳೆ ಒಂದೂವರೆ ತಿಂಗಳು ಇರುವುದರಿಂದ ತಿಂಗಳಿಗೊಂದರ ಬದಲು ಮಾರ್ಚ್‌ನಲ್ಲಿ ಒಂದು, ಏಪ್ರಿಲ್ ಕೊನೆಗೆ ಒಂದು, ಹೀಗೆ ಎರಡೇ ಕಿಟ್ ತೆಗೆದುಕೊಳ್ಳಿ. ಮೈಸೂರು, ಶ್ರೀರಂಗಪಟ್ಟಣ, ಮಂಡ್ಯದವರಿಗೆ ಬೆಳಿಗ್ಗೆ ಹತ್ತರೊಳಗೆ ಮನೆಗೇ ತಲುಪಿಸುತ್ತೇವೆ. ಬೇಸಿಗೆ ಮುಗಿಯುವವರೆಗೆ ಬಸ್ ಪಾರ್ಸೆಲ್ ಇರುವುದಿಲ್ಲ. ಮದ್ದೂರು, ಪಾಂಡವಪುರ, ನಂಜನಗೂಡಿನವರು ಬಂದು ಒಯ್ಯುವುದಾದರೆ ಬಿಸಿಲೇರುವ ಮೊದಲೇ ಬನ್ನಿ, ಜೊತೆಗೆ ಒಂದು ಒದ್ದೆ ಗೋಣಿಚೀಲ ತನ್ನಿ.

ಇಂತಿ,
ಅಣಬೆ ಕಿಟ್ ಘಟಕದ ಸದಸ್ಯರು
ಮಂಡ್ಯ