ಲೆಕ್ಕಪತ್ರ ಬರೀ ಚಿತ್ರವಾಗದಿರಲಿ

ಮಾನ್ಯ ಸಂಪಾದಕರೇ,

ನನಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರ್ ಓದಿ ಹೇಳಿದ್ದನ್ನು ಕೇಳಿಸಿಕೊಳ್ಳುತ್ತೇನೆ. ಮೊನ್ನೆ ಒಂದು ಸರ್ಕಾರಿ ಕಚೇರಿಯ ಖರ್ಚಿನ ಪಟ್ಟಿ ತೆರೆದೆ. 60 ಪುಟ, ಒಂದಕ್ಷರವೂ ಕೇಳಿಸಲಿಲ್ಲ. ಮುದ್ರಿಸಿದ ಕಾಗದವನ್ನೇ ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿದ್ದರು. ಅದು ಬರೀ ಚಿತ್ರ, ಕಂಪ್ಯೂಟರ್ ಓದಬಲ್ಲ ಅಕ್ಷರ ಅದರಲ್ಲಿಲ್ಲ. ಇದು ನನ್ನೊಬ್ಬನ ತೊಂದರೆಯಲ್ಲ. ಅಂಥ ಪುಟದಲ್ಲಿ ಕಣ್ಣಿದ್ದವರೂ ಒಂದು ಹೆಸರು ಟೈಪ್ ಮಾಡಿ ಹುಡುಕಲಾರರು, ಹೋದ ವರ್ಷದ ಲೆಕ್ಕದ ಜೊತೆ ತಾಳೆ ನೋಡಲಾರರು. ಅದೇ ಪಟ್ಟಿ ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರಗಳಲ್ಲಿ, ಸಿಎಸ್‌ವಿ (ಅಲ್ಪವಿರಾಮದಿಂದ ಕಲಮುಗಳನ್ನು ಬೇರ್ಪಡಿಸಿದ ಸರಳ ಪಠ್ಯ) ಕಡತವಾಗಿ ಸಿಕ್ಕರೆ ಯಾವ ಕಂಪನಿಯ ತಂತ್ರಾಂಶವನ್ನೂ ಕೊಳ್ಳದೆ ಯಾರಾದರೂ ತೆರೆಯಬಹುದು. ವೆಬ್ ಅನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ 2010ರಲ್ಲಿ ಮುಕ್ತ ದತ್ತಾಂಶಕ್ಕೆ, ಅಂದರೆ ಯಾರು ಬೇಕಾದರೂ ಬಳಸಬಹುದಾದ ಮಾಹಿತಿಗೆ, ಐದು ನಕ್ಷತ್ರಗಳ ಅಳತೆಗೋಲು ಕೊಟ್ಟರು. ಎಲ್ಲರೂ ಬಳಸಲು ಅನುಮತಿ (ಮುಕ್ತ ಪರವಾನಗಿ) ಇದ್ದರೂ ಸ್ಕ್ಯಾನ್ ಚಿತ್ರಕ್ಕೆ ಅದರಲ್ಲಿ ಒಂದೇ ನಕ್ಷತ್ರ, ಸಿಎಸ್‌ವಿಗೆ ಮೂರು. ಕಂಪ್ಯೂಟರಿನಲ್ಲೇ ತಯಾರಾದ ಪಟ್ಟಿಯ ಮೂಲ ಕಡತ ಕಚೇರಿಯಲ್ಲಿ ಇದ್ದೇ ಇರುತ್ತದಲ್ಲ, ದಯವಿಟ್ಟು ಅದನ್ನೇ ಜನರಿಗೆ ಕೊಡಿ.

– ಒಬ್ಬ ಓದುಗ