ಹೈಪೋ ಬದಲು ಹೈಪರ್: ಹೊಣೆ ಯಾರು?

ಸಂಪಾದಕರೇ,

ನಮ್ಮ ಸರ್ಕಾರಿ ಆಸ್ಪತ್ರೆಯ ಡಿಸ್‌ಚಾರ್ಜ್ ಕಾರ್ಡ್‌ಗಳಲ್ಲಿ ತಪ್ಪುಗಳಿರುವ ಬಗ್ಗೆ ಬುಧವಾರದ ನಿಮ್ಮ ವರದಿ ಓದಿದೆ. ಅದು ಬರೀ ಟೈಪಿಂಗ್ ತಪ್ಪು ಎಂದು ಅಧಿಕಾರಿಗಳು ಕೈ ತೊಳೆದುಕೊಂಡಿದ್ದಾರೆ. ಆ ಟೈಪಿಂಗ್ ತಪ್ಪಿನಿಂದ ನಮ್ಮ ಅಮ್ಮ ಹಾಸಿಗೆ ಹಿಡಿದರು. ಇದಕ್ಕೆ ಏನು ಹೇಳುತ್ತಾರೆ?

ಅಮ್ಮನಿಗೆ ವರ್ಷಗಳಿಂದ ಹೈಪೋಥೈರಾಯ್ಡ್. ಅಂದರೆ ಥೈರಾಯ್ಡ್ ಹಾರ್ಮೋನು ಕಡಿಮೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಆ ಕೊರತೆ ತುಂಬುವ ಥೈರಾಕ್ಸಿನ್ ಮಾತ್ರೆ, ಅರ್ಧ ಗಂಟೆ ಬಿಟ್ಟು ಕಾಫಿ. ಹೀಗೆ ಆರಾಮಾಗಿ ಇದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಆಸ್ಪತ್ರೆಗೆ ಸೇರಿದಾಗ ಕೊಟ್ಟ ಕಾರ್ಡಿನಲ್ಲಿ ಅದು ಹೈಪರ್‌ಥೈರಾಯ್ಡ್, ಅಂದರೆ ಹಾರ್ಮೋನು ಜಾಸ್ತಿ, ಆಗಿಬಿಟ್ಟಿದೆ. ಮತ್ತೆ ತೋರಿಸಲು ಹೋದ ದಿನ ಇದ್ದದ್ದು ಬೇರೆ ಡಾಕ್ಟರು. ಕಾರ್ಡ್ ನೋಡಿದರು, ಅಮ್ಮನ ಮುಖ ನೋಡಲಿಲ್ಲ. ಥೈರಾಕ್ಸಿನ್ ನಿಲ್ಲಿಸಿ ಕಾರ್ಬಿಮಝೋಲ್ ಬರೆದುಕೊಟ್ಟರು. ಅದು ಥೈರಾಯ್ಡ್ ಹಾರ್ಮೋನನ್ನು ತಗ್ಗಿಸುವ ಮಾತ್ರೆ. ಮೊದಲೇ ಕಡಿಮೆ ಇದ್ದವರಿಗೆ ಅದನ್ನು ಕೊಟ್ಟರೆ ಏನಾಗಬೇಕು? ವಾರಗಳು ಕಳೆದಂತೆ ಮುಖ ಊದಿಕೊಂಡಿತು, ಮಾತು ನಿಧಾನವಾಯಿತು. ಸೆಕೆಗಾಲದಲ್ಲೂ ಚಳಿ ಚಳಿ ಎಂದು ಕಂಬಳಿ ಹೊದ್ದು ಮಲಗಿದರು. ವಯಸ್ಸಾಯಿತು ಅಂತ ನೆಂಟರು ಸಮಾಧಾನ ಹೇಳಿದರು. ಕೊನೆಗೆ ಖಾಸಗಿ ಡಾಕ್ಟರೊಬ್ಬರು ಹಳೆಯ ರಿಪೋರ್ಟ್ ತೆಗೆದು ನೋಡಿದ್ದಕ್ಕೆ ಬಚಾವಾದೆವು. ಆ ಖರ್ಚು, ನನ್ನ ರಜೆ, ಮಗಳ ಪರೀಕ್ಷೆ ಹೊತ್ತಿನ ಪರದಾಟ ಯಾರು ಕೇಳುತ್ತಾರೆ?

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಗ್ರೀಕಿನಲ್ಲಿ ಹೈಪೋ ಅಂದರೆ ಕೆಳಗೆ, ಹೈಪರ್ ಅಂದರೆ ಮೇಲೆ. ಮಕ್ಕಳು ಅದಲು ಬದಲು ಬರೆದರೆ ಅಂಕ ಕಳೆಯುತ್ತೇವೆ. ಈ ಗೊಂದಲ ಹೇಗಾಗಿರಬೇಕು ಎಂದೂ ನನಗೆ ಗೊತ್ತು. ಥೈರಾಯ್ಡ್ ಸೋತಾಗ ಅದನ್ನು ಎಬ್ಬಿಸಲು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಅದರ ಪಕ್ಕ ಹೆಚ್ಚು ಎಂಬ ಗುರುತು ಬೀಳುತ್ತದೆ. ಅಂಕಿ ಹೆಚ್ಚು, ರೋಗ ಮಾತ್ರ ಹೈಪೋ. ಇದು ತಿಳಿಯದವರನ್ನು ಕಾರ್ಡ್ ತುಂಬಲು ಕೂರಿಸಿದ್ದು ಯಾರು? ಸಹಿ ಹಾಕಿದವರು ಓದಿದರಾ?

ಇಂದು ಥೈರಾಯ್ಡ್, ನಾಳೆ ಸಕ್ಕರೆ. ಹೈಪೋಗ್ಲೈಸೀಮಿಯ ಅಂದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿದದ್ದು, ತಕ್ಷಣ ಸಕ್ಕರೆ ಕೊಡಬೇಕು. ಅದನ್ನು ಹೈಪರ್ ಎಂದು ಓದಿ ಇನ್ಸುಲಿನ್ ಚುಚ್ಚಿದರೆ ಪ್ರಾಣಕ್ಕೇ ಬರುತ್ತದೆ. ಪೊಟ್ಯಾಶಿಯಂ ಕಡಿಮೆಯಾದರೆ ಹೈಪೋಕಲೀಮಿಯ, ಹೆಚ್ಚಾದರೆ ಹೈಪರ್‌ಕಲೀಮಿಯ. ಹೆಚ್ಚಿರುವವರಿಗೆ ಇನ್ನಷ್ಟು ಏರಿಸಿದರೆ ಹೃದಯವೇ ನಿಲ್ಲಬಹುದು. ಒಂದೆರಡು ಅಕ್ಷರದ ವ್ಯತ್ಯಾಸ ಇದು.

ಔಷಧದ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರದಲ್ಲಿ ಬರೆಯಬೇಕೆಂಬ ನಿಯಮ 2016ರಲ್ಲೇ ಬಂದಿದೆ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕೆಂದು ಆರೋಗ್ಯ ಸಚಿವರನ್ನು ಕೇಳಿದ್ದರು. ಒಳ್ಳೆಯದೇ. ಆದರೆ ಹೈಪೋ, ಹೈಪರ್ ಎಂದು ಕನ್ನಡ ಅಕ್ಷರದಲ್ಲಿ ಬರೆದರೆ ನಮ್ಮ ಅಮ್ಮನಂಥವರಿಗೆ ಏನು ತಿಳಿಯುತ್ತದೆ? ಪಕ್ಕದಲ್ಲಿ ‘ಥೈರಾಯ್ಡ್ ಕಡಿಮೆ’ ಎಂದು ಎರಡು ಪದ ಇದ್ದಿದ್ದರೆ ಅಮ್ಮನೇ ಆ ಮಾತ್ರೆ ಬೇಡ ಅನ್ನುತ್ತಿದ್ದರು.

ದೂರು ಕೊಡೋಣ ಅಂತ ಹೋದರೆ ದೂರು ಪೆಟ್ಟಿಗೆಯ ಕೀ ಯಾರ ಬಳಿ ಇದೆ ಎಂದೇ ಅಲ್ಲಿಯವರಿಗೆ ಗೊತ್ತಿಲ್ಲ. ಮೇಲಧಿಕಾರಿಗಳು ಮೀಟಿಂಗ್‌ನಲ್ಲಿ, ಸೋಮವಾರ ಬನ್ನಿ. ಸೋಮವಾರ ಹೋದರೆ ಜಿಲ್ಲಾ ಕೇಂದ್ರಕ್ಕೆ ಹೋಗಿದ್ದಾರೆ. ಅದೇ ಆಸ್ಪತ್ರೆಯ ಲಿಫ್ಟ್ ಕೆಟ್ಟು ಎಷ್ಟು ಕಾಲವಾಯಿತು ಎಂದು ನೀವೇ ಬರೆದಿದ್ದೀರಿ. ಮಧ್ಯಾಹ್ನವಾದರೆ ಮಾತ್ರೆ ಕೊಡುವ ಕಿಟಕಿ ಬಂದ್. ಗೇಟಿನ ಮುಂದಿನ ಚರಂಡಿ ಅಗೆದು ಹಾಗೇ ಬಿಟ್ಟಿದ್ದಾರೆ, ಮಳೆ ಬಂದರೆ ಗಾಲಿಕುರ್ಚಿ ತಳ್ಳಲು ಆಗಲ್ಲ. ವಾರ್ಡಿನ ಸದಸ್ಯರು ಚುನಾವಣೆ ಮುಗಿದ ಮೇಲೆ ಈ ಕಡೆ ತಲೆ ಹಾಕಿಲ್ಲ.

ಕಾರ್ಡಿನಲ್ಲಿ ಕಡಿಮೆ, ಜಾಸ್ತಿ ಎಂದು ಕನ್ನಡದಲ್ಲೂ ಬರೆಸಿ. ಸಹಿ ಹಾಕುವ ಮೊದಲು ಓದಿ. ಲಿಫ್ಟನ್ನೂ ರಿಪೇರಿ ಮಾಡಿಸಿ. ಇಷ್ಟೂ ಆಗದಿದ್ದರೆ ಸಂಬಂಧಪಟ್ಟವರ ಮೇಲೆ ಏನಾದರೂ ಕ್ರಮ ಆಗಲೇಬೇಕು. ಜನರ ಜೀವದ ವಿಷಯದಲ್ಲಿ ಇಷ್ಟು ಉಡಾಫೆ ಮಾಡಲು ಇವರಿಗೆ ನಾಚಿಕೆಯಾಗಬೇಕು.

— ನೊಂದ ಓದುಗಿ