ಮಗಳಿಗೊಂದು ಪತ್ರ: ಮನೆಗೆ ಹೇಳಬೇಡಿ ಅಂದವಳು

ಹಾಸನ, ಭಾನುವಾರ ರಾತ್ರಿ

ಪುಟ್ಟಿ,

ನಾಳೆ ನೀನು ಬೆಂಗಳೂರಿಗೆ ಹೊರಡುವ ಹೊತ್ತಿಗೆ ನಾನು ಡ್ಯೂಟಿ ಮೇಲಿರುತ್ತೇನೆ. ಕತ್ತಲಲ್ಲಿ ಓಡಾಡಬೇಡ, ಅಪರಿಚಿತರ ಹತ್ತಿರ ಹುಷಾರು ಅಂತ ನಾನು ಪಟ್ಟಿ ಹೇಳಿದೆ, ಅದು ತಪ್ಪನ್ನು ಹುಡುಗಿಯ ಮೇಲೆ ಹಾಕಿ ಮಾಡಿದವನ ಪರ ಮಾತಾಡಿದ ಹಾಗೆ ಅಂದೆ ನೀನು. ಊಟದ ಹೊತ್ತಲ್ಲಿ ಆದ ಆ ಮಾತು ಇಬ್ಬರಿಗೂ ನೆನಪಿದೆ, ಮತ್ತೆ ಕೆದಕಲ್ಲ. ಆದರೆ ತಟ್ಟೆ ಬಿಟ್ಟು ಎದ್ದುಹೋಗಬಾರದಿತ್ತು ನೀನು. ನಿಮ್ಮಮ್ಮ ಇನ್ನೂ ಮಲಗಿಲ್ಲ.

ಬೀಗ ಹಾಕಿ ಮಲಗು ಅಂದರೆ ಕಳ್ಳನ ಪರ ಮಾತಾಡಿದ ಹಾಗಾ ಅಂತ ನಾನು ಕೇಳಿದೆ. "ಕಳ್ಳತನ ಆದ ಮನೆಗೆ ಹೋಗಿ ಯಾರೂ ನೀನು ಎಂಥವಳು ಅಂತ ಕೇಳಲ್ಲ ಅಪ್ಪಾಜಿ" ಅಂದೆ ನೀನು. ಅದಕ್ಕೆ ಉತ್ತರ ನನಗಿನ್ನೂ ಹೊಳೆದಿಲ್ಲ. ನೀನು ಹಾಗೆ ಪಟ್ ಅಂತ ಹೇಳಿದಾಗ ಒಳಗೊಳಗೇ ಖುಷಿಯೂ ಆಯಿತು. ಮುಖದಲ್ಲಿ ತೋರಿಸಲಿಲ್ಲ ಅಷ್ಟೇ.

ಒಂದು ವಿಷಯ ನಿನಗೆ ಹೇಳಿಲ್ಲ. ಫ್ರೀ ಬಸ್ ಶುರುವಾದ ವರ್ಷ, ಅಂದರೆ 2023ರ ಮಳೆಗಾಲ. ಹಾಸನದಿಂದ ಸಕಲೇಶಪುರಕ್ಕೆ ಸಂಜೆ ಟ್ರಿಪ್, ಕಂಡಕ್ಟರ್ ನಾನೇ. ಕಾಲೇಜು ಬಿಟ್ಟ ಹೊತ್ತು, ಕಾಲಿಡಲು ಜಾಗ ಇಲ್ಲ. ಪಾಳ್ಯ ದಾಟುವಾಗ ಹಿಂದಿನಿಂದ ಒಂದು ಹುಡುಗಿ ಕಿರುಚಿದಳು. ನಾನು ಜನರನ್ನು ಸರಿಸಿಕೊಂಡು ಹೋಗುವಷ್ಟರಲ್ಲಿ ಆ ಮನುಷ್ಯ ಕಿಟಕಿ ಕಡೆ ನೋಡುತ್ತಾ ನಿಂತಿದ್ದ. ಐವತ್ತರ ಮೇಲಿನ ವಯಸ್ಸು, ಇಸ್ತ್ರಿ ಹಾಕಿದ ಬಿಳಿ ಶರ್ಟು. ಬಾಳ್ಳುಪೇಟೆಯಲ್ಲಿ ವಿಷಲ್ ಊದಿ ಇಳಿಸಿದೆ. ತಕರಾರು ಮಾಡಿದ, ಆದರೂ ಇಳಿದ.

ಅವನು ಇಳಿದ ಮೇಲೆ ಬಸ್ಸಿನ ಮಾತೆಲ್ಲ ಅವಳ ಕಡೆ ತಿರುಗಿತು. "ಹಿಂದೆ ಯಾಕಮ್ಮ ನಿಂತೆ?" "ರಷ್ ಇದ್ದರೆ ಮುಂದಿನ ಬಸ್ಸಿಗೆ ಬರಬೇಕು." "ಫ್ರೀ ಕೊಟ್ಟಿದ್ದಕ್ಕೆ ಹಿಂಗೆ." ಕೊನೇ ಮಾತು ಒಬ್ಬ ಹೆಂಗಸಿನದು, ಅವರ ಕೈಯಲ್ಲೂ ನಾನು ಕೊಟ್ಟ ಶೂನ್ಯ ಟಿಕೆಟ್ಟೇ ಇತ್ತು ನೋಡು! ಹುಡುಗಿ ತುಟಿ ಪಿಟಕ್ ಅನ್ನಲಿಲ್ಲ. ರೆಕಾರ್ಡ್ ಬುಕ್ಕನ್ನು ಎದೆಗೆ ಒತ್ತಿಕೊಂಡಿದ್ದಳು. ಅದರ ಕಂದು ಕಾಗದದ ಹೊದಿಕೆ ಬೆವರಿಗೆ ನೆನೆದು ಬೆರಳಿನ ಗುರುತು ಮೂಡಿತ್ತು.

ಸಕಲೇಶಪುರದಲ್ಲಿ ಎಲ್ಲರೂ ಇಳಿಯುವ ತನಕ ಕಾದು ನನ್ನ ಹತ್ತಿರ ಬಂದಳು. ಥ್ಯಾಂಕ್ಸ್ ಹೇಳುತ್ತಾಳೆ ಅಂದುಕೊಂಡೆ. "ಅಂಕಲ್, ನಮ್ಮ ಮನೆಯವರು ಸಿಕ್ಕರೆ ಇದನ್ನ ಹೇಳಬೇಡಿ. ಕಾಲೇಜು ಬಿಡಿಸ್ತಾರೆ" ಅಂದಳು.

ಅವಳ ಮನೆಯವರು ಯಾರೋ, ನನಗೆ ಗೊತ್ತೂ ಇಲ್ಲ. ಆದರೂ ಬೇಡಿಕೊಂಡಳು. ಆ ಮನುಷ್ಯನಿಗಿಂತ ಅವಳಿಗೆ ಅಪ್ಪನ ಭಯವೇ ಜಾಸ್ತಿ ಇತ್ತು ಪುಟ್ಟಿ. ಆ ಅಪ್ಪ ಕೆಟ್ಟವನಾಗಿರಲಿಕ್ಕಿಲ್ಲ. ನನ್ನ ಹಾಗೇ ಹುಷಾರು ಹುಷಾರು ಅಂತ ದಿನಾ ಹೇಳಿ ಕಳಿಸಿರುತ್ತಾನೆ. ಅವನು ಹೇಳಿದ್ದರಲ್ಲಿ ಒಂದನ್ನು ಮೀರಿದ್ದಾಳೆ, ಹಿಂದೆ ನಿಂತಿದ್ದಾಳೆ. ಈಗ ಬಾಯಿ ಬಿಡುವ ಹಾಗಿಲ್ಲ. ರಾತ್ರಿ ಎಚ್ಚರ ಆದಾಗ ಇದೇ ಯೋಚನೆ. ಆ ಮಾತು ನಿನ್ನ ಬಾಯಲ್ಲೇ ಕೇಳಿದ ಹಾಗಾಗುತ್ತದೆ.

ಬಸ್ಸಿನವರು ಅವಳಿಗೆ ಅಂದ ಮಾತನ್ನೇ ದೊಡ್ಡವರೂ ಆಡುತ್ತಾರೆ ಬಿಡು. 2021ರಲ್ಲಿ ಚಾಮುಂಡಿ ಬೆಟ್ಟದ ಹತ್ತಿರ ಆ ವಿದ್ಯಾರ್ಥಿನಿ ಮೇಲೆ ಸಾಮೂಹಿಕ ಅತ್ಯಾಚಾರ ಆದಾಗ, ಅಲ್ಲಿಗೆ ಹೋಗಬಾರದಿತ್ತು ಅಂತ ಆಗಿನ ಗೃಹ ಸಚಿವರೇ ಅಂದಿದ್ದರು. ಗಲಾಟೆ ಆದ ಮೇಲೆ ಮಾತು ವಾಪಸ್ ತಗೊಂಡರು. ಇನ್ನು 2024ರ ಏಪ್ರಿಲ್‌ನಲ್ಲಿ ನಮ್ಮೂರಲ್ಲೇ ಹೆಂಗಸರ ಮೇಲಿನ ದೌರ್ಜನ್ಯದ ವಿಡಿಯೋ ಇದ್ದ ಪೆನ್‌ಡ್ರೈವ್ ಹಂಚಿದಾಗ ಮೂರು ಮೂರು ಜನ ಒಂದೇ ಮೊಬೈಲಿಗೆ ತಲೆ ಕೊಟ್ಟು ಕೂತಿದ್ದನ್ನು ಬಸ್ಸಲ್ಲಿ ನೋಡಿದ್ದೇನೆ. ಬೈಗುಳ ಬಿದ್ದಿದ್ದು ಮುಖ ಕಂಡ ಹೆಂಗಸರಿಗೆ. ಆ ವಿಡಿಯೋಗಳ ಮಾಜಿ ಸಂಸದ ಪ್ರಜ್ವಲ್ ರೇವಣ್ಣನಿಗೆ 2025ರ ಆಗಸ್ಟ್‌ನಲ್ಲಿ ಅತ್ಯಾಚಾರದ ಕೇಸಲ್ಲಿ ಜೀವಾವಧಿ ಶಿಕ್ಷೆ ಆಯಿತಲ್ಲ, ಆ ಕೇಸಿನ ದೂರುದಾರೆ ಮನೆಕೆಲಸದವರು. ಕೆಲಸದ ಜಾಗದಲ್ಲೇ, ಸೀರೆಯಲ್ಲೇ ಇದ್ದರು. ಆ ಸೀರೆಯೇ ಕೋರ್ಟಲ್ಲಿ ಸಾಕ್ಷಿಯಾಯಿತು. ನನ್ನ ಪಟ್ಟಿಯ ಯಾವ ಸಾಲು ಅವರನ್ನು ಕಾಯುತ್ತಿತ್ತು ಹೇಳು?

ಅತ್ಯಾಚಾರದ ಕೇಸುಗಳಲ್ಲಿ 100ಕ್ಕೆ 90ಕ್ಕೂ ಜಾಸ್ತಿ ಗೊತ್ತಿರುವವರೇ ಆರೋಪಿಗಳು ಅಂತ ನೀನು ಸರ್ಕಾರದ ಲೆಕ್ಕ ತೋರಿಸಿದೆ. ನಾನು ಹೇಳುವುದೆಲ್ಲ ಕತ್ತಲೆ, ಆಟೋ, ಅಪರಿಚಿತರ ಬಗ್ಗೆ. ಸರಿ, ಒಪ್ಪಿದೆ. ಹಾಗಂತ ರಾತ್ರಿ ಎರಡು ಗಂಟೆಗೆ ನಡೆದು ಬರುತ್ತೇನೆ ಅಂದರೆ ಸುಮ್ನೆ ಇರೋಕೆ ನನ್ನಿಂದ ಆಗಲ್ಲ. ಕಂಪನಿ ಕ್ಯಾಬಲ್ಲೇ ಬಾ. ಫೋನ್ ಚಾರ್ಜ್ ಇಟ್ಟುಕೋ. 112 ನೆನಪಿರಲಿ. ಇನ್ನೊಂದು, ಯಾವ ಊರಲ್ಲಿ ಏನೇ ಆದರೂ ಹತ್ತಿರದ ಸ್ಟೇಷನ್ನಲ್ಲೇ ದೂರು ಕೊಡಬಹುದು, ನಮ್ಮ ವ್ಯಾಪ್ತಿ ಅಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ಝೀರೋ ಎಫ್‌ಐಆರ್ ಅಂತಾರೆ. ನೋಡು, ಮತ್ತೆ ಪಾಠ ಶುರುವಾಯಿತು!

ನಾನು ಹೇಳಿದ್ದನ್ನೆಲ್ಲ ಗಾಳಿಗೆ ತೂರಿದ ದಿನವೇ ಏನಾದರೂ ಆದರೂ ಮೊದಲ ಫೋನು ನನಗೇ ಮಾಡು. ಬಸ್ಸು ಘಾಟಿಯಲ್ಲಿದ್ದರೂ ಎತ್ತುತ್ತೇನೆ, ಸಿಗ್ನಲ್ ಇದ್ದರೆ. ಎಲ್ಲಿದ್ದೆ, ಯಾರ ಜೊತೆ ಇದ್ದೆ ಅಂತ ಕೇಳಲ್ಲ. ಕೆಲಸ ಬಿಟ್ಟು ಬಾ ಅಂತಲೂ ಅನ್ನಲ್ಲ. ನಿಮ್ಮಮ್ಮ ಹಾಗೆ ಅಂದರೆ ಅವಳಿಗೆ ನಾನು ಹೇಳುತ್ತೇನೆ.

ಪಿಜಿ ಅಡ್ವಾನ್ಸ್ ಬುಧವಾರ ಹಾಕುತ್ತೇನೆ. ಅಷ್ಟರೊಳಗೆ ಪಿಜಿಯವರು ಕೇಳಿದರೆ ಅಪ್ಪಾಜಿಗೆ ಸಂಬಳ ಆಗಿಲ್ಲ ಅಂತ ಹೇಳು.

ಅಪ್ಪಾಜಿ